ಚೌಳು ನೆಲದಲ್ಲಿ ಮೊಳಕೆಯ ಪಾಡು

ಮಂಡ್ಯ ಸೀಮೆ ಎಂದೊಡನೆ ನೆನಪಿಗೆ ಬರುವುದು ನಾಲೆ, ಕಬ್ಬು ಮತ್ತು ಹಸಿರು ಗದ್ದೆ. ಆದರೆ ಇದೇ ಸೀಮೆಯ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ತಗ್ಗು ಬಯಲುಗಳಲ್ಲಿ ಅಲ್ಲಲ್ಲಿ ಬೇರೊಂದು ದೃಶ್ಯವೂ ಕಾಣುತ್ತದೆ. ಬೇಸಿಗೆಯಲ್ಲಿ ನೆಲದ ಮೇಲೆ ಸುಣ್ಣ ಚೆಲ್ಲಿದಂತೆ ಬಿಳಿಯ ಪುಡಿ ಮೂಡುತ್ತದೆ. ಮಳೆ ಬಿದ್ದಾಗ ನೀರು ಇಂಗದೆ ನಿಂತು, ಆರಿದ ಮೇಲೆ ಮಣ್ಣು ಹೆಂಚಿನಂತೆ ಗಟ್ಟಿಯಾಗುತ್ತದೆ. ಬಿತ್ತಿದ ಕಾಳು ಒಂದು ಕಡೆ ಮೊಳೆತರೆ ನಾಲ್ಕು ಮಾರು ಆಚೆ ನೆಲ ಬೋಳಾಗಿಯೇ ಉಳಿಯುತ್ತದೆ. ರೈತರು ಇದನ್ನು ಚೌಳು ಎನ್ನುತ್ತಾರೆ. ಕಾಳು ಮೊಳೆಯದಿರುವುದು ಒಂದು ಗದ್ದೆಯ, ಒಂದು ಹಂಗಾಮಿನ ಸಂಗತಿಯಂತೆ ಕಂಡರೂ ಅದರ ಹಿಂದೆ ನೂರು ವರ್ಷಗಳಿಗೂ ಮೀರಿದ ನೀರಾವರಿಯ ಚರಿತ್ರೆ ಇದೆ.

ಉಪ್ಪು ಬೆರೆತ ಮಣ್ಣು ಈ ನಾಡಿಗೆ ನಾಲೆಯ ಜೊತೆಗೇ ಬಂದದ್ದೇನೂ ಅಲ್ಲ. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಮದ್ದೂರು, ಮಂಡ್ಯಗಳ ಮೂಲಕ ಶ್ರೀರಂಗಪಟ್ಟಣಕ್ಕೆ ಸಾಗಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ, ಮೈಸೂರು ಸೀಮೆಯಲ್ಲಿ ಮಣ್ಣಿನಿಂದ ಉಪ್ಪು ತೆಗೆಯುವ ಕಸುಬನ್ನು ವಿವರಿಸಿದ್ದಾನೆ. ಉಪ್ಪಾರರ ಕುಲಕಸುಬು ಅದೇ ಆಗಿತ್ತು. ಉಪ್ಪಿನ ಮಣ್ಣನ್ನು ಕೆರೆದು ರಾಶಿ ಹಾಕಿ, ನೀರು ಹಾಯಿಸಿ, ಸೋಸಿ ಬಂದ ತಿಳಿಯನ್ನು ಬಿಸಿಲಿನಲ್ಲಿ ಆರಿಸಿದರೆ ಅಡುಗೆ ಉಪ್ಪು ಸಿಗುತ್ತಿತ್ತು. ಇನ್ನೊಂದು ಕಡೆ ಮಡಿವಾಳರು ಬಟ್ಟೆ ಒಗೆಯಲು ಚೌಳು ಮಣ್ಣನ್ನು ಹುಡುಕಿ ತರುತ್ತಿದ್ದರು. ಸಾಬೂನು ಹಳ್ಳಿಗಳನ್ನು ಮುಟ್ಟುವ ಮುನ್ನ ಕೊಳೆ ಬಿಡಿಸುತ್ತಿದ್ದುದು ಅದರೊಳಗಿನ ಸೋಡಾ ಕ್ಷಾರ.

ಈ ಎರಡು ಕಸುಬುಗಳವರು ಹುಡುಕುತ್ತಿದ್ದ ಮಣ್ಣು ಒಂದೇ ಬಗೆಯದಲ್ಲ ಎಂಬುದನ್ನು ಗಮನಿಸಬೇಕು. ಒಂದು ಉಪ್ಪಿನ ಮಣ್ಣು, ಇನ್ನೊಂದು ಕ್ಷಾರದ ಮಣ್ಣು. ಮಣ್ಣಿನ ವಿಜ್ಞಾನಿಗಳು ಇವೆರಡನ್ನು ಅಳತೆಗಳ ಮೂಲಕ ಬೇರ್ಪಡಿಸಿದ್ದು ಬಹಳ ತಡವಾಗಿ.

ಎರಡು ಬಗೆಯ ಚೌಳು

ಅಮೆರಿಕದ ರಿವರ್‌ಸೈಡ್‌ನಲ್ಲಿರುವ ಲವಣ ಪ್ರಯೋಗಾಲಯ 1954ರಲ್ಲಿ ಪ್ರಕಟಿಸಿದ ಕೈಪಿಡಿ ಇಂದಿಗೂ ಈ ವಿಂಗಡಣೆಗೆ ಆಧಾರ. ಮಣ್ಣಿನ ದ್ರಾವಣದಲ್ಲಿ ವಿದ್ಯುತ್ ಹರಿಯುವ ಪ್ರಮಾಣವನ್ನು ಅಳೆದರೆ ಕರಗಿದ ಲವಣ ಎಷ್ಟಿದೆ ಎಂದು ತಿಳಿಯುತ್ತದೆ. ಈ ಅಳತೆ ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದ್ದು, ರಸಸಾರ 8.5ಕ್ಕಿಂತ ಕೆಳಗಿದ್ದರೆ ಅದು ಲವಣಯುಕ್ತ ಮಣ್ಣು. ಮೇಲೆ ಬಿಳಿಯ ಪುಡಿ ಕಾಣುವುದು ಇಲ್ಲಿ. ಕರಗಿದ ಲವಣ ಕಡಿಮೆಯಿದ್ದರೂ ಮಣ್ಣಿನ ಕಣಗಳಿಗೆ ಅಂಟಿಕೊಂಡ ಸೋಡಿಯಂ ಶೇಕಡಾ 15ನ್ನು ಮೀರಿ, ರಸಸಾರ 8.5ನ್ನು ದಾಟಿದರೆ ಅದು ಕ್ಷಾರಯುಕ್ತ ಮಣ್ಣು. ಕ್ಷಾರವು ಮಣ್ಣಿನ ಸಾವಯವ ಅಂಶವನ್ನು ಕರಗಿಸಿ ಮೇಲಕ್ಕೆ ತರುವುದರಿಂದ ಇಂಥ ನೆಲ ಕೆಲವೆಡೆ ಎಣ್ಣೆ ಚೆಲ್ಲಿದಂತೆ ಕಪ್ಪಾಗಿ ಕಾಣುತ್ತದೆ. ಎರಡೂ ಗುಣಗಳು ಸೇರಿಕೊಂಡ ಮೂರನೆಯ ಬಗೆಯೂ ಉಂಟು.

ಬೀಜದ ಪಾಲಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಲವಣದ ಮಣ್ಣು ಬೀಜವನ್ನು ಬಾಯಾರಿಸುತ್ತದೆ. ಕ್ಷಾರದ ಮಣ್ಣು ಅದರ ಉಸಿರು ಕಟ್ಟಿಸುತ್ತದೆ.

ಕಾಳಿನೊಳಗೆ ನಡೆಯುವುದೇನು?

ಒಣಗಿದ ಭತ್ತದ ಕಾಳು ಮೊಳೆಯಬೇಕಾದರೆ ಮೊದಲು ನೀರು ಕುಡಿಯಬೇಕು. ತನ್ನ ತೂಕದ ಕಾಲು ಭಾಗಕ್ಕೂ ಹೆಚ್ಚು ನೀರು ಒಳಗೆ ಹೋದ ಮೇಲೆ ಭ್ರೂಣ ಎಚ್ಚರಗೊಳ್ಳುತ್ತದೆ. ಅದು ಜಿಬ್ಬರೆಲಿನ್ ಎಂಬ ಚೋದಕವನ್ನು ಕಾಳಿನ ಹೊರಪದರಕ್ಕೆ ಕಳುಹಿಸುತ್ತದೆ. ಆ ಪದರ ಅಮೈಲೇಸ್ ಎಂಬ ಕಿಣ್ವವನ್ನು ಸ್ರವಿಸುತ್ತದೆ. ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ. ಆ ಸಕ್ಕರೆಯೇ ಎಳೆಯ ಬೇರಿಗೂ ಮೊಳಕೆಗೂ ಮೊದಲ ಊಟ. ರಾಗಿ, ಜೋಳ, ಗೋಧಿ, ಮುಸುಕಿನ ಜೋಳ ಎಲ್ಲಕ್ಕೂ ಮೂಲ ಕ್ರಮ ಇದೇ.

ನೀರು ಎಂದಿಗೂ ಉಪ್ಪು ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೆ ಸಾಗಲು ನೋಡುತ್ತದೆ. ಉಪ್ಪಿನಕಾಯಿಗೆ ಹಾಕಿದ ಮಾವಿನ ಹೋಳು ನೀರು ಬಿಟ್ಟು ಸೊರಗುವುದು ಇದರಿಂದಲೇ. ಹೊರಗಿನ ಮಣ್ಣಿನ ನೀರಿನಲ್ಲಿ ಲವಣ ಹೆಚ್ಚಿದಷ್ಟೂ ಕಾಳಿಗೆ ನೀರು ಎಳೆದುಕೊಳ್ಳುವುದು ಕಷ್ಟವಾಗುತ್ತದೆ. ಮೂರು ದಿನಕ್ಕೆ ಒಡೆಯಬೇಕಾದ ಮೊಳಕೆ ವಾರ ಹಿಡಿಯುತ್ತದೆ. ಗದ್ದೆ ಒದ್ದೆಯಾಗಿದ್ದರೂ ಕಾಳು ಬರಗಾಲದಲ್ಲಿದ್ದಂತೆ ಇರುತ್ತದೆ.

ಇದು ಮೊದಲ ಪೆಟ್ಟು. ಎರಡನೆಯದು, ನೀರಿನೊಡನೆ ಒಳಗೆ ಸೇರುವ ಸೋಡಿಯಂ ಮತ್ತು ಕ್ಲೋರೈಡ್‌ಗಳ ನಂಜು. ಇವು ಹೆಚ್ಚಾದರೆ ಕಿಣ್ವಗಳ ಕೆಲಸ ಕುಗ್ಗುತ್ತದೆ. ಪಿಷ್ಟವಿದ್ದೂ ಸಕ್ಕರೆಯಾಗುವುದಿಲ್ಲ. ಜೀವಕೋಶಕ್ಕೆ ಬೇಕಾದ ಪೊಟ್ಯಾಸಿಯಂನ ಜಾಗವನ್ನು ಸೋಡಿಯಂ ಆಕ್ರಮಿಸುತ್ತದೆ. ನೀರಿನ ಎಳೆತದಿಂದಷ್ಟೇ ತಡೆದುಹೋದ ಕಾಳನ್ನು ಸಿಹಿನೀರಿನಲ್ಲಿ ತೊಳೆದರೆ ಅನೇಕ ವೇಳೆ ಮತ್ತೆ ಮೊಳೆಯುತ್ತದೆ. ನಂಜೇರಿದ ಕಾಳಿಗೆ ಆ ಅವಕಾಶವಿಲ್ಲ.

ಕ್ಷಾರದ ಮಣ್ಣಿನಲ್ಲಿ ತೊಂದರೆ ಇನ್ನೊಂದು ಬಗೆಯದು. ಕ್ಯಾಲ್ಸಿಯಂ ಇರುವ ಮಣ್ಣಿನಲ್ಲಿ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಹರಳುಗಟ್ಟಿರುತ್ತವೆ. ಅವುಗಳ ನಡುವೆ ಗಾಳಿಯೂ ನೀರೂ ಓಡಾಡುತ್ತವೆ. ಸೋಡಿಯಂ ಹೆಚ್ಚಿದಾಗ ಕಣಗಳು ಬಿಡಿಬಿಡಿಯಾಗಿ ಚೆದುರಿ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಮೇಲೆ ನೀರು ನಿಂತಿದ್ದರೂ ಒಂದು ಗೇಣು ಕೆಳಗೆ ಮಣ್ಣು ಒಣಗಿರಬಹುದು. ಒಣಗಿದಾಗ ಮೇಲ್ಪದರ ಹೆಪ್ಪುಗಟ್ಟುತ್ತದೆ. ದಪ್ಪ ಕಾಳಿನ ಮುಸುಕಿನ ಜೋಳ ಅದನ್ನು ಹೇಗೋ ಸೀಳಿಕೊಂಡು ಬರಬಹುದು. ಸಾಸಿವೆಯಷ್ಟು ಸಣ್ಣ ಕಾಳಿನ ರಾಗಿಗೆ ಅಷ್ಟು ಬಲವೆಲ್ಲಿ? ಕಾಳು ಮೊಳೆತು, ಹೊರಬರಲಾಗದೆ, ಹೆಪ್ಪಿನ ಕೆಳಗೇ ಸತ್ತಿರುತ್ತದೆ. ಬೀಜ ಕೆಟ್ಟದ್ದೆಂದು ರೈತ ಅಂಗಡಿಯವನನ್ನು ಶಂಕಿಸುತ್ತಾನೆ.

ಭತ್ತದ ಮೋಸದ ಮೊಳಕೆ

ಎಲ್ಲ ಧಾನ್ಯಗಳೂ ಉಪ್ಪನ್ನು ಒಂದೇ ರೀತಿ ತಾಳುವುದಿಲ್ಲ. 1977ರಲ್ಲಿ ಅಮೆರಿಕದ ಮಾಸ್ ಮತ್ತು ಹಾಫ್‌ಮನ್ ಎಂಬ ವಿಜ್ಞಾನಿಗಳು ಬೆಳೆಗಳ ಇಳುವರಿ ಕುಸಿಯಲು ಶುರುವಾಗುವ ಮಟ್ಟವನ್ನು ಪಟ್ಟಿ ಮಾಡಿದರು. ಬಾರ್ಲಿಗೆ ಅದು 8 ಡೆಸಿಸೀಮೆನ್ಸ್, ಗೋಧಿಗೆ 6. ಭತ್ತಕ್ಕೆ ಬರೀ 3, ಮುಸುಕಿನ ಜೋಳಕ್ಕೆ 1.7.

ಈ ಪಟ್ಟಿಯಲ್ಲಿ ಭತ್ತ ದುರ್ಬಲ ಬೆಳೆ. ಆದರೂ ಮೊಳೆಯುವ ಹಂತದಲ್ಲಿ ಅದೇ ಭತ್ತ ಸಾಕಷ್ಟು ಗಟ್ಟಿ. ಸಾಧಾರಣ ಉಪ್ಪಿನಲ್ಲಿಯೂ ಅದರ ಕಾಳು ತಡವಾಗಿಯಾದರೂ ಒಡೆಯುತ್ತದೆ. ಅಪಾಯ ಬರುವುದು ಆಮೇಲೆ. ಕಾಳಿನ ದಾಸ್ತಾನು ಮುಗಿದು, ಎರಡು ಮೂರು ಎಲೆ ಬಿಟ್ಟ ಪೈರು ತನ್ನ ಬೇರಿನಿಂದಲೇ ಬದುಕಬೇಕಾದ ದಿನಗಳಲ್ಲಿ ಎಲೆಯ ತುದಿ ಬೆಳ್ಳಗಾಗಿ ಸುರುಳಿ ಸುತ್ತಿ ಒಣಗುತ್ತದೆ. ಆ ವಯಸ್ಸನ್ನು ದಾಟಿದ ಪೈರು ಮತ್ತೆ ತಾಳಿಕೆ ಪಡೆದು, ಹೂ ಬಿಡುವಾಗ ಇನ್ನೊಮ್ಮೆ ಮೆತ್ತಗಾಗುತ್ತದೆ. ಹಾಗಾಗಿ ಮೊಳಕೆ ಚೆನ್ನಾಗಿ ಬಂತೆಂದು ಚೌಳು ಗದ್ದೆಯನ್ನು ನಂಬುವಂತಿಲ್ಲ.

ನಮ್ಮ ಕಡೆಯ ಹಳೆಯ ಪದ್ಧತಿಯೊಂದರ ಮರ್ಮ ಇಲ್ಲಿ ತಿಳಿಯುತ್ತದೆ. ಭತ್ತವನ್ನು ನೆನೆಹಾಕಿ ಮೊಳಕೆ ಕಟ್ಟಿ, ಒಳ್ಳೆಯ ಮಣ್ಣಿನ ಒಟ್ಟಲು ಪಾತಿಯಲ್ಲಿ ಚೆಲ್ಲಿ, ಪೈರು ಬಲಿತ ಮೇಲೆ ಗದ್ದೆಗೆ ನಾಟಿ ಮಾಡುವುದು ಕಳೆಯ ಹತೋಟಿಗೂ ನೀರಿನ ಉಳಿತಾಯಕ್ಕೂ ಅನುಕೂಲ. ಅದರ ಜೊತೆಗೆ ಬೆಳೆಯ ಅತ್ಯಂತ ಮೆದು ವಯಸ್ಸು ಚೌಳಿನ ಹೊರಗೇ ಕಳೆದುಹೋಗುತ್ತದೆ. ಚೌಳು ಗದ್ದೆಗೆ 30-35 ದಿನ ಬಲಿತ ಪೈರನ್ನು, ಒಂದೊಂದು ಗುಣಿಗೆ ಎರಡು ಮೂರು ಹೆಚ್ಚಾಗಿ, ಒತ್ತೊತ್ತಾಗಿ ನೆಡಬೇಕೆಂದು ಕೃಷಿ ತಜ್ಞರು ಹೇಳುವುದೂ ಇದೇ ಕಾರಣಕ್ಕೆ. ಕೂಲಿ ಉಳಿಸಲು ನೇರ ಬಿತ್ತನೆಗೆ ಹೋಗುವವರು ಈ ರಕ್ಷಣೆಯನ್ನು ಬಿಟ್ಟುಕೊಡುತ್ತಾರೆ ಎಂಬುದನ್ನು ನೆನಪಿಡಬೇಕು.

ನೀರಿನ ಬೆನ್ನೇರಿ ಬಂದ ಉಪ್ಪು

ನೀರಾವರಿಗೂ ಉಪ್ಪಿಗೂ ಇರುವ ನಂಟು ನಾಗರಿಕತೆಯಷ್ಟೇ ಹಳೆಯದು. ಯೂಫ್ರೆಟಿಸ್-ಟೈಗ್ರಿಸ್ ನದಿಗಳ ನಡುವಿನ ಸುಮೇರಿಯದಲ್ಲಿ ಮೊದಲು ಗೋಧಿ, ಬಾರ್ಲಿ ಸಮವಾಗಿ ಬೆಳೆಯುತ್ತಿದ್ದವು. ಕ್ರಮೇಣ ಗೋಧಿ ಹಿಂದೆ ಸರಿದು ಉಪ್ಪನ್ನು ಹೆಚ್ಚು ತಾಳುವ ಬಾರ್ಲಿಯೇ ಉಳಿಯಿತು ಎಂದು 1958ರಲ್ಲಿ ಜೇಕಬ್ಸನ್ ಮತ್ತು ಆಡಮ್ಸ್ ಎಂಬ ವಿದ್ವಾಂಸರು ಜೇಡಿಮಣ್ಣಿನ ಹಲಗೆಗಳ ಲೆಕ್ಕ ಓದಿ ವಾದಿಸಿದರು. ಉಪ್ಪೊಂದೇ ಕಾರಣವೆ ಎಂಬ ಬಗ್ಗೆ ಅನಂತರದ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಉಂಟು. ಭಾರತದಲ್ಲಿ ಪಶ್ಚಿಮ ಯಮುನಾ ನಾಲೆಯ ಬಯಲಿನ ಮೂನಕ್ ಗ್ರಾಮದವರು ತಮ್ಮ ಭೂಮಿಗೆ ಉಪ್ಪು ಏರಿತೆಂದು 1855ರಲ್ಲೇ ದೂರು ಕೊಟ್ಟಿದ್ದರು.

ಮಂಡ್ಯದ ಕಥೆಗೆ ಇನ್ನೂ ಹತ್ತಿರದ್ದು ಪುಣೆ ಬಳಿಯ ನೀರಾ ಕಣಿವೆ. ಅಲ್ಲಿ 1885ರಲ್ಲಿ ತೆರೆದ ನಾಲೆಯ ಕೆಳಗೆ ಕೆಲವೇ ವರ್ಷಗಳಲ್ಲಿ ಕಬ್ಬಿನ ಭೂಮಿ ಜವುಗಾಗಿ ಉಪ್ಪೇರಿತು. ಹೆರಾಲ್ಡ್ ಮಾನ್ ಮತ್ತು ತಮ್ಹಣೆ 1910ರಲ್ಲಿ ಅದನ್ನು ಅಧ್ಯಯನ ಮಾಡಿ ವರದಿ ಬರೆದರು. ಅದಕ್ಕೂ ಮುಂಚೆ ಮುಂಬೈ ಸರ್ಕಾರದ ಸೇವೆಯಲ್ಲಿದ್ದ ಎಂಜಿನಿಯರರೊಬ್ಬರು ಅದೇ ನೀರಾ ನಾಲೆಗೆ ‘ಬ್ಲಾಕ್ ಪದ್ಧತಿ’ಯನ್ನು ಸೂಚಿಸಿದ್ದರು. ಅವರೇ ಎಂ. ವಿಶ್ವೇಶ್ವರಯ್ಯ. ನೀರನ್ನು ನಾಲೆಯ ಬಾಯಿಯಲ್ಲಿರುವ ಕೆಲವೇ ಹಳ್ಳಿಗಳು ಸುರಿದುಕೊಳ್ಳುವ ಬದಲು ಹೆಚ್ಚು ಹಳ್ಳಿಗಳಿಗೆ ಹಂಚಬೇಕು. ಒಂದೊಂದು ಹಳ್ಳಿಯಲ್ಲಿ ಗೊತ್ತಾದ ಬ್ಲಾಕಿಗೆ ಮಾತ್ರ ನೀರು ಕೊಟ್ಟು, ಕಬ್ಬಿನಂಥ ಬಾಯಾರುವ ಬೆಳೆಯನ್ನು ಅದರ ಒಂದು ಭಾಗಕ್ಕೆ ಸೀಮಿತಗೊಳಿಸಿ, ಬೆಳೆಗಳನ್ನು ಸರದಿಯಂತೆ ಬದಲಾಯಿಸಬೇಕು. ನೀರೂ ಉಳಿಯುತ್ತದೆ, ಭೂಮಿಯೂ ಜವುಗಾಗದು ಎಂಬುದು ಆ ಪದ್ಧತಿಯ ತಿರುಳು.

ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರರಾಗಿ ಬಂದರು. 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಆರಂಭವಾಯಿತು. ಆ ಅಣೆಕಟ್ಟೆಯಿಂದ ಹುಲಿಕೆರೆ ಸುರಂಗದ ಮೂಲಕ ಗುಡ್ಡ ದಾಟಿ ಬಂದ ನಾಲೆಗೆ ಆಗಿನ ವೈಸ್‌ರಾಯ್ ಇರ್ವಿನ್ ಹೆಸರಿಟ್ಟರು. ಮುಂದೆ ಅದೇ ವಿಶ್ವೇಶ್ವರಯ್ಯ ನಾಲೆಯಾಯಿತು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ, 1930ರ ದಶಕದ ಆರಂಭದಲ್ಲಿ, ಕಾವೇರಿ ನೀರು ಮಂಡ್ಯದ ಬೆದ್ದಲು ಹೊಲಗಳಿಗೆ ಹರಿಯಿತು. ಅಲ್ಲಿಯವರೆಗೆ ಈ ಸೀಮೆ ರಾಗಿಯದು, ಕೆರೆಗಳದು. ಚಿಕ್ಕದೇವರಾಜ ಒಡೆಯರ ಕಾಲದ ನಾಲೆಗಳು ಹೊಳೆಯ ಪಕ್ಕದ ಭೂಮಿಗಷ್ಟೇ ನೀರುಣಿಸುತ್ತಿದ್ದವು.

ಹೊಸ ನಾಲೆಯ ಬಯಲಿನಲ್ಲಿ ಕಬ್ಬು, ಭತ್ತ ಮತ್ತು ರಾಗಿಯಂಥ ಅರೆಖುಷ್ಕಿ ಬೆಳೆಗಳ ಮೂರು ವರ್ಷದ ಸರದಿಯನ್ನು ಬ್ಲಾಕ್ ಪದ್ಧತಿಯಂತೆ ಜಾರಿಗೆ ತಂದರು. ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಅವರ ಆಸಕ್ತಿಯಿಂದ ಕಬ್ಬು ಬೇರೂರಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. 1950ರ ದಶಕದಲ್ಲಿ ಇಲ್ಲಿನ ಒಂದು ನೀರಾವರಿ ಹಳ್ಳಿಯನ್ನೂ ಒಂದು ಒಣ ಹಳ್ಳಿಯನ್ನೂ ಅಧ್ಯಯನ ಮಾಡಿದ ಸ್ಕಾರ್ಲೆಟ್ ಎಪ್‌ಸ್ಟೀನ್ 1962ರಲ್ಲಿ ಪ್ರಕಟಿಸಿದ ಗ್ರಂಥದಿಂದಾಗಿ, ನಾಲೆಯ ನೀರು ಜನಜೀವನವನ್ನು ಬದಲಿಸಿದ ಬಗೆ ಜಗತ್ತಿನ ಸಮಾಜಶಾಸ್ತ್ರಜ್ಞರಿಗೂ ಪರಿಚಯವಾಯಿತು.

ನೀರಿನ ಇನ್ನೊಂದು ಮುಖವೂ ಬೇಗನೆ ಕಂಡಿತು. ನಿಂತ ನೀರಿನಿಂದ ಮಲೇರಿಯಾ ಹೆಚ್ಚಿತು. ನೆಲದೊಳಗಿನ ಬದಲಾವಣೆ ನಿಧಾನವಾದ್ದರಿಂದ ಕಣ್ಣಿಗೆ ಬೀಳಲು ತಡವಾಯಿತು. ಇಲ್ಲಿನ ತಾಯಿಬಂಡೆ ಗ್ರಾನೈಟ್ ಜಾತಿಯ ನೈಸ್. ಅದು ಶಿಥಿಲವಾಗುವಾಗ ಸೋಡಿಯಂ ಬಿಡುತ್ತದೆ. ಮಳೆ ಧಾರಾಳವಾಗಿರುವ ಮಲೆನಾಡಿನಲ್ಲಾದರೆ ಅದು ತೊಳೆದು ಹೊಳೆ ಸೇರುತ್ತದೆ. ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆಯ ಮಂಡ್ಯದಲ್ಲಿ ತಗ್ಗಿನಲ್ಲಿಯೇ ಉಳಿಯುತ್ತದೆ. ದಿಣ್ಣೆಯ ಕೆಮ್ಮಣ್ಣಿನಲ್ಲಿ ಸದಾ ನೀರು ನಿಲ್ಲಿಸಿದರೆ ಅದು ಬಸಿದು ತಗ್ಗಿನ ಜೇಡಿ ಭೂಮಿಯ ಅಡಿ ಸೇರುತ್ತದೆ. ಅಂತರ್ಜಲ ಮೇಲೇರುತ್ತದೆ. ಅದು ಮೇಲ್ಮೈಗೆ ಮೂರು ನಾಲ್ಕು ಅಡಿ ಹತ್ತಿರವಾದಾಗ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಮಣ್ಣಿನ ಸಂದುಗಳಲ್ಲಿ ನೀರು ಏರಿ ಬಿಸಿಲಿಗೆ ಆವಿಯಾಗುತ್ತದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ.

ನಾಲೆಯ ಸಿಹಿನೀರಿನಲ್ಲೂ ಉಪ್ಪಿದೆ ಎಂಬುದನ್ನು ಒಂದು ಲೆಕ್ಕದಿಂದ ಅರಿಯಬಹುದು. ಒಂದು ಲೀಟರಿನಲ್ಲಿ 200 ಮಿಲಿಗ್ರಾಂ ಲವಣವಿದ್ದರೆ ಅದು ಬಾಯಿಗೆ ಸಿಹಿಯೇ. ಅಂಥ ನೀರನ್ನು ಒಂದು ಎಕರೆಗೆ ಒಟ್ಟು ಒಂದು ಮೀಟರಿನಷ್ಟು ಹಾಯಿಸಿದರೆ ಸುಮಾರು 800 ಕಿಲೋ ಲವಣ ಆ ಎಕರೆಗೆ ಬಂದಂತೆ. ಬಸಿದು ಹೋಗಲು ದಾರಿಯಿದ್ದರೆ ಚಿಂತೆಯಿಲ್ಲ. ದಾರಿಯಿಲ್ಲದಿದ್ದರೆ ಅದು ವರ್ಷ ವರ್ಷವೂ ಕೂಡುತ್ತದೆ.

ಕಾಲಕ್ರಮದಲ್ಲಿ ಬ್ಲಾಕ್ ಸರದಿ ಸಡಿಲವಾಯಿತು. ಒಂದೇ ಗದ್ದೆಯಲ್ಲಿ ಭತ್ತದ ಮೇಲೆ ಭತ್ತ, ಕಬ್ಬಿನ ಮೇಲೆ ಕೂಳೆ ಕಬ್ಬು ನಿಂತವು. ಒಣ ಬೆಳೆಯ ವರ್ಷದಲ್ಲಿ ನೆಲಕ್ಕೆ ಸಿಗುತ್ತಿದ್ದ ಬಿಡುವು ತಪ್ಪಿತು. ನಾಲೆಯ ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಜವುಗು, ಮದ್ದೂರು-ಮಳವಳ್ಳಿಗಳ ಕೊನೆಯ ಭಾಗದಲ್ಲಿ ನೀರು ಸಾಲದೆ ಉಪ್ಪು ತೊಳೆಯದ ಸ್ಥಿತಿ. ಕೊನೆಯ ಭಾಗದ ರೈತ ಹಳ್ಳದ ಬಸಿನೀರನ್ನೋ ಕೊಳವೆ ಬಾವಿಯ ಗಡಸು ನೀರನ್ನೋ ಎತ್ತಿ ಬಳಸಿದರೆ ಚೌಳಿಗೆ ಇನ್ನಷ್ಟು ಕುಮ್ಮಕ್ಕು. ಕೊರತೆಗೂ ಅತಿಗೂ ಕೊನೆಗೆ ಸಿಗುವ ಫಲ ಒಂದೇ.

ಬೀಜದಲ್ಲಿ ಪರಿಹಾರ, ನೆಲದಲ್ಲಿ ಪರಿಹಾರ

ಉಪ್ಪನ್ನು ತಾಳುವ ತಳಿಗಳು ನಮ್ಮ ನಾಡಿನಲ್ಲೇ ಇವೆ. ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ ಸಮುದ್ರದ ಉಬ್ಬರದ ನೀರನ್ನೇ ಎದುರಿಸಿ ಬೆಳೆಯುವ ‘ಕಗ್ಗ’ ಭತ್ತ ಅಂಥದ್ದು. ಕೇರಳದ ಪೊಕ್ಕಾಲಿ ಜಗತ್ಪ್ರಸಿದ್ಧ. ಪೊಕ್ಕಾಲಿಯ ಒಂದನೆಯ ವರ್ಣತಂತುವಿನಲ್ಲಿ ಗುರುತಿಸಲಾದ ‘ಸಾಲ್‌ಟೋಲ್’ ಎಂಬ ಭಾಗವನ್ನು ಇಂದು ಅನೇಕ ದೇಶಗಳ ತಳಿ ವಿಜ್ಞಾನಿಗಳು ಬೇರೆ ಭತ್ತಗಳಿಗೆ ಸೇರಿಸುತ್ತಿದ್ದಾರೆ. ಎಳೆಯ ಪೈರಿನಲ್ಲಿ ಸೋಡಿಯಂ ಎಲೆಗೆ ಏರದಂತೆ ತಡೆಯುವುದು ಅದರ ಗುಣ. 1969ರಲ್ಲಿ ಹರಿಯಾಣದ ಕರ್ನಾಲ್‌ನಲ್ಲಿ ಸ್ಥಾಪನೆಯಾದ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಚೌಳು ತಾಳುವ ಸಿಎಸ್‌ಆರ್ ಹೆಸರಿನ ಭತ್ತಗಳ ಸಾಲನ್ನೇ ಕೊಟ್ಟಿದೆ.

ಮಂಡ್ಯದ ವಿ.ಸಿ. ಫಾರಂನ ಹೆಸರೂ ಧಾನ್ಯಗಳ ಚರಿತ್ರೆಯಲ್ಲಿ ದೊಡ್ಡದು. ನಾಲೆಯ ಜೊತೆಯಲ್ಲೇ ಹುಟ್ಟಿದ ಈ ಕ್ಷೇತ್ರ 1964ರಲ್ಲಿ ಆರಂಭವಾದ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಭಾಗವಾಯಿತು. ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ಭಾರತ ಮತ್ತು ಆಫ್ರಿಕದ ರಾಗಿಗಳನ್ನು ಬೆಸೆದು ಇಂಡಾಫ್ ತಳಿಗಳನ್ನು ರೂಪಿಸಿದ್ದು ಇಲ್ಲಿ. ಇಲ್ಲಿ ಭತ್ತದ ತಳಿ ಅಭಿವೃದ್ಧಿಯಲ್ಲಿ ದುಡಿದ ಡಾ. ಎಂ. ಮಹದೇವಪ್ಪನವರು (1937-2021) ಫಿಲಿಪ್ಪೀನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಕ್ಷಾರ ಹಾಗೂ ಸತುವಿನ ಕೊರತೆಯನ್ನು ತಾಳುವ ಭತ್ತಗಳನ್ನು ಪರೀಕ್ಷಿಸಿ ಆರಿಸುವ ಕೆಲಸದಲ್ಲಿ ಸಹೋದ್ಯೋಗಿಗಳೊಡನೆ ಪಾಲ್ಗೊಂಡು 1981ರಲ್ಲಿ ಪ್ರಬಂಧ ಪ್ರಕಟಿಸಿದರು. ಕ್ಷಾರವನ್ನೂ ಸತುವನ್ನೂ ಒಟ್ಟಿಗೆ ನೋಡಿದ್ದಕ್ಕೆ ಅರ್ಥವಿದೆ. ರಸಸಾರ ಏರಿದಂತೆ ಮಣ್ಣಿನಲ್ಲಿರುವ ಸತುವೂ ಕಬ್ಬಿಣವೂ ಬೇರಿಗೆ ಸಿಗದಂತಾಗುತ್ತವೆ. ಮೊಳೆತು ಬಂದ ಪೈರು ತುಕ್ಕು ಹಿಡಿದಂತಾಗಿ ನಿಂತುಬಿಡುತ್ತದೆ.

ತಳಿಯೊಂದೇ ಸಾಲದು, ನೆಲವೂ ಸುಧಾರಿಸಬೇಕು. ಲವಣದ ಮಣ್ಣಿಗೆ ಮದ್ದು ಸರಳ: ಬದು ಕಟ್ಟಿ, ಮಟ್ಟ ಮಾಡಿ, ಸಿಹಿನೀರು ನಿಲ್ಲಿಸಿ, ಕರಗಿದ ಉಪ್ಪನ್ನು ಬಸಿಗಾಲುವೆಗೆ ಹರಿಸುವುದು. ಕ್ಷಾರದ ಮಣ್ಣಿಗೆ ಬರಿಯ ನೀರು ಹಾಯಿಸಿದರೆ ಪ್ರಯೋಜನವಿಲ್ಲ. ಅಲ್ಲಿ ಮೊದಲು ಜಿಪ್ಸಂ ಬೇಕು. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿನ ಕಣದಿಂದ ಸೋಡಿಯಂ ಅನ್ನು ಹೊರದಬ್ಬಿ ಆ ಜಾಗದಲ್ಲಿ ಕೂರುತ್ತದೆ. ಬಿಡುಗಡೆಯಾದ ಸೋಡಿಯಂ ನೀರಿನೊಡನೆ ಹೊರಗೆ ಹೋಗುತ್ತದೆ. ಎಷ್ಟು ಜಿಪ್ಸಂ ಎಂಬುದು ಮಣ್ಣು ಪರೀಕ್ಷೆಯಿಂದಲೇ ಗೊತ್ತಾಗಬೇಕು. ಕೆಟ್ಟ ಕ್ಷಾರ ಭೂಮಿಗೆ ಹೆಕ್ಟೇರಿಗೆ 10ರಿಂದ 15 ಟನ್ ಬೇಕಾದದ್ದೂ ಉಂಟು. ಡಯಾಂಚದಂಥ ಹಸಿರೆಲೆ ಗೊಬ್ಬರ ಉತ್ತು ಸೇರಿಸಿದರೆ ಅದು ಕೊಳೆಯುವಾಗ ಹುಟ್ಟುವ ಆಮ್ಲಗಳು ನೆರವಾಗುತ್ತವೆ. ಸುಧಾರಣೆಯ ಮೊದಲ ವರ್ಷದ ಬೆಳೆ ಭತ್ತವೇ ಆಗಿರಲಿ ಎನ್ನುತ್ತಾರೆ. ನಿಂತ ನೀರಿನಲ್ಲಿ ಬೆಳೆಯುವ ಅದು ತಾನು ಬೆಳೆಯುತ್ತಲೇ ನೆಲವನ್ನು ತೊಳೆಯುತ್ತದೆ.

ಇವೆಲ್ಲಕ್ಕೂ ಕೊನೆಯ ಕೊಂಡಿ ಬಸಿಗಾಲುವೆ. ಇದು ಒಬ್ಬ ರೈತನ ಕೈಲಾಗುವ ಕೆಲಸವಲ್ಲ. ತನ್ನ ಗದ್ದೆಯ ಉಪ್ಪುನೀರನ್ನು ಹೊರಬಿಡಲು ಅವನಿಗೆ ಕೆಳಗಿನವನ ಜಮೀನಿನಲ್ಲಿ ದಾರಿ ಬೇಕು. ದಿಣ್ಣೆಯವನು ವರ್ಷವಿಡೀ ನೀರು ನಿಲ್ಲಿಸಿದರೆ ಚೌಳಾಗುವುದು ತಗ್ಗಿನವನ ಭೂಮಿ. ಲಾಭ ಒಬ್ಬರಿಗೆ, ನಷ್ಟ ಇನ್ನೊಬ್ಬರಿಗೆ. ಕರ್ನಾಟಕದಲ್ಲಿ 1980ರ ಕಾಯಿದೆಯಡಿ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರಗಳಿಗೆ, ಜನರ ಬಾಯಲ್ಲಿ ‘ಕಾಡಾ’ಗಳಿಗೆ, ಚೌಳು-ಜವುಗು ಭೂಮಿಯ ಸುಧಾರಣೆಯೂ ಸೇರಿದ್ದು ಇದರಿಂದಲೇ. ತೋಡಿದ ಬಸಿಗಾಲುವೆ ಹೂಳು ತುಂಬಿ, ಜೊಂಡು ಬೆಳೆದು, ಒತ್ತುವರಿಯಾದರೆ ಆ ಹಣವೆಲ್ಲ ಮಣ್ಣುಪಾಲು.

ಸುಮೇರಿಯದ ರೈತ ಗೋಧಿ ಬಿಟ್ಟು ಬಾರ್ಲಿ ಹಿಡಿದಂತೆ ಮಂಡ್ಯದ ರೈತ ಬೆಳೆ ಬದಲಿಸುತ್ತಾ ಹೋಗಬಹುದು. ಆದರೆ ಅದಕ್ಕೆ ಒಂದು ಮಿತಿಯಿದೆ. ನೀರನ್ನು ತರುವುದು ಹೇಗೆಂದು ಯೋಚಿಸಿದ ಎಂಜಿನಿಯರರು ಅದನ್ನು ಮಿತವಾಗಿ ಹಂಚುವುದು ಹೇಗೆಂದೂ ಜೊತೆಯಲ್ಲೇ ಯೋಚಿಸಿದ್ದರು. ಮೊದಲನೆಯದು ನಾಲೆಯಾಗಿ ಉಳಿದಿದೆ. ಎರಡನೆಯದನ್ನು ಮರೆತಿರುವ ಕಡೆಯಲ್ಲೆಲ್ಲ ಮುಂದಿನ ಹಂಗಾಮಿನಲ್ಲಿ ಬಿತ್ತುವ ಕಾಳು ಅದನ್ನು ನೆನಪಿಸುತ್ತದೆ: ಮೇಲ್ಗದ್ದೆಯಲ್ಲಿ ಮೊಳೆತು, ಕೆಳಗದ್ದೆಯಲ್ಲಿ ಮೊಳೆಯದೆ.